ಒಣಮೀನಿನ ಕೇರಿಯಲ್ಲಿ ಕೋಳಿಗೂಡು

ನಮ್ಮ ಕೇರಿಯಲ್ಲಿ ಕೋಳಿ ಸಾಕುವುದೆಂದರೆ ಜಗಳ ಸಾಕಿದ ಹಾಗೆ. ಮುರ್ಡೇಶ್ವರದಿಂದ ಶಿರಾಲಿಯ ಕಡೆಗೆ ದಂಡೆ ಹಿಡಿದು ನಡೆದರೆ ಸಿಗುವ ಹಂಚಿನ ಮನೆಗಳ ಸಾಲು ಅದು. ಎಲ್ಲರೂ ಮೀನಿನವರು. ಎಲ್ಲರ ಅಂಗಳದಲ್ಲೂ, ಅಂಗಳ ಮುಗಿದ ಮೇಲೆ ಮರಳಿನಲ್ಲೂ, ಬಿಸಿಲಿದ್ದಷ್ಟು ದಿನ ಮೀನು ಒಣಗುತ್ತಿತ್ತು. ಕಾಗೆ ಓಡಿಸುವುದಕ್ಕೇ ಮನೆಗೊಂದು ಮಗು ಬೇಕು. ನಮ್ಮ ಮನೆಯಲ್ಲಿ ಆ ಮಗು ನಾನು. ಇಂಥಲ್ಲಿ ಕೋಳಿ ಬಿಟ್ಟರೆ ಅದು ತನ್ನ ಅಂಗಳ, ಪಕ್ಕದವರ ಅಂಗಳ ಎಂದು ನೋಡುತ್ತದೆಯೇ? ಒಳನಾಡಿನವರು ಬೆಳಿಗ್ಗೆ ಕೋಳಿ ಬಿಟ್ಟು ಸಂಜೆ ಬುಟ್ಟಿ ಕವುಚಿ ಹಾಕುತ್ತಿದ್ದರು. ಗೂಡು ಕಟ್ಟಿ ಹಗಲೂ ಒಳಗೇ ಇಟ್ಟು ಸಾಕುವುದನ್ನು ನಮ್ಮ ಸುತ್ತಮುತ್ತ ಯಾರೂ ಕಂಡವರಲ್ಲ. ಮೊನ್ನೆ ನನ್ನ ಸೊಸೆ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾರೋ ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಡಿಮೆ ಖರ್ಚಿನಲ್ಲಿ ಕೋಳಿಗೂಡು ಕಟ್ಟುವುದು ಹೇಗೆ ಎಂದು ನಗುನಗುತ್ತ ಹೇಳುತ್ತಿದ್ದ. ತಂತಿ ಜಾಲರಿ ತನ್ನಿ, ತಗಡು ತನ್ನಿ, ಮೊಳೆ ತನ್ನಿ ಎಂದ. ಅಂಗಡಿಗೆ ಹೋಗಿ ತರುವುದಾದರೆ ಅದರಲ್ಲಿ ಕಲಿಯುವುದೇನಿದೆ ಎಂದು ನಾನು ರೇಗಿದೆ. ನನ್ನ ಆಯಿ, ಹೆತ್ತಮ್ಮ, ಕಟ್ಟಿದ ಗೂಡಿಗೆ ಅಂಗಡಿಯಿಂದ ಬಂದದ್ದು ಒಂದೂ ಇರಲಿಲ್ಲ. ಅವಳಿಗೆ ಕೊಳ್ಳುವ ಅನುಕೂಲವೂ ಇರಲಿಲ್ಲ, ಸೋಲುವ ಮನಸ್ಸೂ ಇರಲಿಲ್ಲ.

ಆಯಿಗೆ ಕೋಳಿಯ ಯೋಚನೆ ಬಂದದ್ದು ಕುತ್ತಿಗೆ ನೋವಿನಿಂದ. ಮದುವೆಯಾಗಿ ಬಂದ ಮರುವರ್ಷದಿಂದಲೇ ಅವಳು ಮೀನುಬುಟ್ಟಿ ಹೊತ್ತು ಶಿರಾಲಿಯ ಮನೆಮನೆ ತಿರುಗುತ್ತಿದ್ದಳು. ತುಂಬಿದ ಬುಟ್ಟಿಯನ್ನು ಯಾರೂ ತಾವೇ ತಲೆಗೆ ಏರಿಸಿಕೊಳ್ಳಲಾರರು, ಇನ್ನೊಬ್ಬರು ಹೊರಿಸಬೇಕು. ನಮ್ಮಲ್ಲಿ ಹೊರಿಸುವವಳು ಅಜ್ಜಿ, ಅಪ್ಪನ ತಾಯಿ. ಬೆಳಗಾಗುತ್ತಲೇ ಅಂಗಳದಲ್ಲಿ ಅತ್ತೆ ಸೊಸೆ ಎದುರುಬದುರು ನಿಂತು, ಬುಟ್ಟಿಯ ಎರಡು ಕಡೆ ಹಿಡಿದು ಒಂದೇ ಉಸಿರಿಗೆ ಎತ್ತುವರು. ಆಯಿ ಬಗ್ಗಿ ತಲೆ ಒಡ್ಡುವಳು. ಇಬ್ಬರೂ ಅಷ್ಟು ಹೊಂದಿಕೊಂಡು ಮಾಡುತ್ತಿದ್ದ ಕೆಲಸ ಮನೆಯಲ್ಲಿ ಅದೊಂದೇ ಇರಬೇಕು. ಆ ವರ್ಷ ಮಳೆ ಶುರುವಾಗುವ ಮೊದಲು, ಒಂದು ಬೆಳಿಗ್ಗೆ, ಹೊರಿಸಿದ ಬುಟ್ಟಿಯ ಕೆಳಗೆ ಆಯಿ ಹಾಗೇ ಕುಸಿದು ಕೂತಳು. ಎಡಗೈ ಮೇಲೇಳಲಿಲ್ಲ. ಹೊನ್ನಾವರದ ಡಾಕ್ಟರು ಕುತ್ತಿಗೆಗೆ ಪಟ್ಟಿ ಹಾಕಿ, ಇನ್ನು ತಲೆಯ ಮೇಲೆ ಭಾರ ಇಟ್ಟರೆ ಕೈ ಹೋದೀತು ಎಂದು ಹೇಳಿ ಕಳಿಸಿದರು. ಅಜ್ಜಿಗೆ ಸಿಟ್ಟು ಬಂದದ್ದು ಡಾಕ್ಟರ ಮೇಲೆ.

“ತಲೆ ಮೇಲೆ ಭಾರ ಇಡೂಕಾಗ ಅಂದ್ರೆ ಮತ್ತೆ ತಲೆ ಎಂತಕ್ಕೆ? ನಿನ್ನ ಗಂಡ ಹುಟ್ಟೂ ಮೊದ್ಲಿಂದ ಹೊತ್ತವಳು ನಾನು. ನಂಗೆ ಎಂತ ಆತು?”

“ನಾ ಕೆಲ್ಸ ಬಿಟ್ಟು ಸುಮ್ನೆ ಕೂತ್ಕಣ್ತೆ ಅಂದೆನಾ, ಅತ್ತೆ? ಬುಟ್ಟಿ ಬ್ಯಾಡ ಅಂದೆ ಅಷ್ಟೆ. ಕೋಳಿ ಸಾಕ್ತೆ. ಮೊಟ್ಟೆ ಮಾರ್ತೆ.”

ಅಜ್ಜಿ ಗಂಜಿಯ ಬಟ್ಟಲು ಕೆಳಗಿಟ್ಟಳು. ಸುಟ್ಟ ಒಣಮೀನಿನ ಮುಳ್ಳು ತೆಗೆದು ಬದಿಗಿಟ್ಟಳು. ಅಪ್ಪ ಬಾಗಿಲಿನ ಕಡೆ ನೋಡುತ್ತ ಊಟ ಮಾಡುತ್ತಿದ್ದ. ಇವರಿಬ್ಬರ ನಡುವೆ ಮಾತು ಬೆಳೆಯುವಾಗ ಅವನಿಗೆ ಬಾಗಿಲು ಬಹಳ ಚೆಂದ ಕಾಣುತ್ತಿತ್ತು.

“ಸಾಕು. ನೂಲು ಹುಣ್ಣಿಮೆವರೆಗೆ ಎಂತ ಬೇಕಾರೂ ಸಾಕು. ಸಮುದ್ರಕ್ಕೆ ಕಾಯಿ ಬಿಟ್ಟು ದೋಣಿ ಇಳಿದ ಮಾರನೇ ದಿನ ಬುಟ್ಟಿ ಹೊರೂದೇ. ಮತ್ತೆ ಕೇಳು, ನಿನ್ನ ಒಂದು ಕೋಳಿ ಯಾರ ಮೀನಿಗಾದ್ರೂ ಕೊಕ್ಕು ಹಾಕ್ತು ಅಂದ್ರೆ ಅವತ್ತೇ ಎಲ್ಲದರದ್ದೂ ಸಾರು.”

ಮಳೆಗಾಲ ನಮ್ಮವರಿಗೆ ದೋಣಿ ಮೇಲೆಳೆದು ಕೂರುವ ಕಾಲ. ನೂಲು ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ನೀರಿಗೆ. ಆಯಿಗೆ ಇದ್ದ ಅವಧಿ ಅಷ್ಟು. ಅದರೊಳಗೆ ಗೂಡು ಎದ್ದು, ಕೋಳಿ ಮೊಟ್ಟೆಯಿಟ್ಟು, ಆ ಮೊಟ್ಟೆಗೆ ಗಿರಾಕಿ ಹುಟ್ಟಬೇಕು. ಇಲ್ಲವಾದರೆ ಆ ಕುತ್ತಿಗೆಯ ಮೇಲೆ ಮತ್ತೆ ಬುಟ್ಟಿ. ಡಾಕ್ಟರು ಹೇಳಿದ್ದನ್ನು ನಾನೂ ಕೇಳಿದ್ದೆ. ಕೈ ಹೋದೀತು ಎಂದರೆ ಕೈ ಕಳಚಿ ಬೀಳುತ್ತದೆ ಎಂದೇ ನಾನು ತಿಳಿದದ್ದು. ಆಯಿ ಸೌದೆ ಸೀಳುವಾಗ, ನೀರು ಸೇದುವಾಗ, ನಾನು ಅವಳ ಎಡಗೈಯನ್ನೇ ನೋಡುತ್ತಿದ್ದೆ.

ಜಾಗ ಹುಡುಕುವುದರಿಂದಲೇ ಕೆಲಸ ಶುರುವಾಯಿತು. ಮುಂದಿನ ಅಂಗಳ ಅಜ್ಜಿಯ ಮೀನಿನದು, ಆ ಮಾತೇ ಇಲ್ಲ. ಹಿತ್ತಲಲ್ಲಿ ಬಚ್ಚಲಮನೆಯ ಗೋಡೆಗೆ ತಾಗಿ ಸ್ವಲ್ಪ ಎತ್ತರದ ನೆಲವಿತ್ತು. ಮಳೆನೀರು ಅಲ್ಲಿ ನಿಲ್ಲುವುದಿಲ್ಲ, ಪಡುವಣ ಗಾಳಿಗೆ ಗೋಡೆ ಅಡ್ಡ. ಬಿದ್ದುಹೋದ ಹಳೆಯ ಪಾಗಾರದ ಚಿರೆಕಲ್ಲುಗಳನ್ನು ನಾನೂ ಅಪ್ಪನೂ ಹೊತ್ತು ತಂದು ಮೂಲೆಗೊಂದರಂತೆ ಒಟ್ಟಿದೆವು. ಅದರ ಮೇಲೆ ಅಜ್ಜನ ಕಾಲದ ಒಡಕು ದೋಣಿಯ ಹಲಗೆಗಳನ್ನು, ನಡುನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು ಹಾಸಿದೆವು. ಹಿಕ್ಕೆ ಆ ಸಂದಿನಿಂದ ಕೆಳಗೆ ಬೀಳಬೇಕು, ಕೋಳಿಯ ಕಾಲು ಒಣಗಿರಬೇಕು ಎಂಬುದು ಆಯಿಯ ಲೆಕ್ಕ. ಮೇಲೆ ಮಾಡಿಗೆ ಹೆಣೆದ ತೆಂಗಿನ ಮಡಲು. ಕೂರುವುದಕ್ಕೆ ಉದ್ದದ ಬಿದಿರಿನ ಗಳು. ಮೊಟ್ಟೆಯಿಡಲು ಬಾಯಿ ಒಡೆದ ಮಡಕೆ, ಒಳಗೆ ಒಣಹುಲ್ಲು. ಇನ್ನು ಸುತ್ತ ಗೋಡೆ. ಅದಕ್ಕೆ ನಮ್ಮಲ್ಲಿ ಬರವೇ? ಅಟ್ಟದ ತುಂಬ ಹಳೆಯ ಬಲೆ. ಅಲ್ಲಿಯವರೆಗೆ ಹೇಳಿದ್ದನ್ನು ಮಾತ್ರ ಮಾಡುತ್ತಿದ್ದ ಅಪ್ಪ, ಬಲೆ ಕೈಗೆ ಬಂದದ್ದೇ ತಡ, ಗೂಡಿನ ಯಜಮಾನನಾದ. ಕಂಬದಿಂದ ಕಂಬಕ್ಕೆ ಬಲೆ ಇಳಿಬಿಟ್ಟು, ಹರಿದಲ್ಲಿ ಗಂಟು ಹಾಕಿ, ಹಿಂದೆ ಸರಿದು ನಿಂತು ನೋಡಿ, ಮತ್ತೆ ಹೋಗಿ ಅಲ್ಲಿಷ್ಟು ಇಲ್ಲಿಷ್ಟು ಸಡಿಲಿಸಿದ. ಗಾಳಿಗೆ ಅದು ಬಾಗಿಲ ಪರದೆಯಂತೆ ಓಲಾಡುತ್ತಿತ್ತು. ಅಷ್ಟು ಸಡಿಲ ಬೇಕೇ ಎಂದು ಆಯಿ ಕೇಳಿದಳು.

“ಬಲೆ ಅಂದ್ರೆ ಸಡಿಲವೇ ಇರ್ಬೇಕು. ಬಿಗಿ ಕಟ್ಟಿದ್ರೆ ಹರೀತದೆ. ಇದನ್ನ ನಂಗೆ ಹೇಳ್ಬ್ಯಾಡ.”

ಅದನ್ನು ಅವನಿಗೆ ಯಾರು ಹೇಳಿಯಾರು? ನಮ್ಮ ಕೇರಿಯ ಗಂಡಸರ ಮುಂದೆ ಬಲೆಯ ವಿಷಯ ಎತ್ತುವ ಹೆಂಗಸು ಇನ್ನೂ ಹುಟ್ಟಿರಲಿಲ್ಲ. ಆಯಿ ತವರಿಗೆ ಹೋದಳು. ಅವಳ ತವರು ಹೊನ್ನಾವರದ ಹತ್ತಿರ ಹೊಳೆದಂಡೆಯಲ್ಲಿ. ಅಲ್ಲಿ ಮೀನು ಒಣಗಿಸುವವರು ಕಡಿಮೆ, ಕೋಳಿ ಸಾಕುವವರು ಹೆಚ್ಚು. ಅಲ್ಲಿಂದ ಕೆಲವು ಹೇಂಟೆಗಳನ್ನೂ ಒಂದು ಹುಂಜವನ್ನೂ ಕಾಲು ಕಟ್ಟಿ, ಚೀಲದಲ್ಲಿ ಹಾಕಿ, ಮೇಲೆ ಹಳೆಯ ಸೀರೆ ಮುಚ್ಚಿ ಬಸ್ಸಿನಲ್ಲಿ ತಂದಳು. ದಾರಿಯುದ್ದಕ್ಕೂ ಹುಂಜ ಸೀರೆಯೊಳಗಿಂದ ಕೂಗಿತಂತೆ. ಕಂಡಕ್ಟರ್ ಅದಕ್ಕೂ ಟಿಕೆಟು ಹರಿಯುತ್ತೇನೆ ಎಂದು ಹೆದರಿಸಿದನಂತೆ. ಆಯಿ ಅಷ್ಟು ನಕ್ಕು ಹೇಳಿದ ಕತೆ ನನಗೆ ಬೇರೆ ನೆನಪಿಲ್ಲ.

ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಿದಿರಿನ ಕೆಳಗೆ ಒಂದು ಹೇಂಟೆ ಕುತ್ತಿಗೆಯಿಲ್ಲದೆ ಬಿದ್ದಿತ್ತು. ಕಬ್ಬೆಕ್ಕಿನ ಕೆಲಸ, ತೆಂಗಿನ ಮರದಿಂದ ಮರಕ್ಕೆ ಹಾದು ಬರುವ ಆ ಪ್ರಾಣಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ವಿಚಿತ್ರವೆಂದರೆ ಬಲೆಯಲ್ಲಿ ಒಂದು ಎಳೆಯೂ ಹರಿದಿರಲಿಲ್ಲ. ಸಡಿಲ ಬಲೆಯನ್ನು ಅದು ಮೂತಿಯಿಂದ ಒಳಗೆ ತಳ್ಳಿದೆ, ಬಲೆ ಬಿದಿರಿನವರೆಗೂ ಚಾಚಿದೆ, ಕೂತಲ್ಲೇ ಕೋಳಿಯ ಕುತ್ತಿಗೆ ಬಲೆಯ ಕಣ್ಣಿನೊಳಗಿಂದ ಅದರ ಬಾಯಿಗೆ ಸಿಕ್ಕಿದೆ. ಅಪ್ಪ ಬಲೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಮೀನು ಹಿಡಿಯಲು ಯಾವ ಸಡಿಲ ಬೇಕೋ ಅದೇ ಸಡಿಲ ಕೋಳಿಯನ್ನು ಕೊಂದಿತ್ತು. ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು, ಈಗ ಸಮಾಧಾನ ಆತಾ ಎಂದು ಕೇಳಿ ಒಳಗೆ ಹೋದಳು. ಆಯಿ ಅಳಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಸತ್ತ ಕೋಳಿಯನ್ನು ತೆಂಗಿನ ಬುಡದಲ್ಲಿ ಹೂತು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಕಟ್ಟಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

“ನಿಮ್ಮ ಬಲೆ ಒಳಗೆ ಬಂದದ್ದನ್ನ ಹೊರಗೆ ಬಿಡೂದಿಲ್ಲ. ನಂಗೆ ಬೇಕಾದ್ದು ಹೊರಗಿದ್ದದ್ದು ಒಳಗೆ ಬಾರದೇ ಇರೂದು. ಎಳೀರಿ. ಹರಿದ್ರೆ ಹರೀಲಿ.”

ಅಪ್ಪ ಎಳೆದ. ಅವನ ಮುಖ ನೋಡಿದರೆ ಹಲ್ಲು ಕೀಳಿಸಿಕೊಳ್ಳುವವನ ಹಾಗಿತ್ತು. ಬಲೆಯನ್ನು ಎರಡು ಮಡಿ ಮಾಡಿ, ಬೆರಳಿನಿಂದ ಬಡಿದರೆ ಟಣ್ ಎನ್ನುವಷ್ಟು ಬಿಗಿದರು. ಕೆಳಗಿನ ಮೊಳಕಾಲೆತ್ತರಕ್ಕೆ ಹಲಗೆ ಹೊಡೆದರು. ಬಿದಿರನ್ನು ಗೂಡಿನ ನಟ್ಟನಡುವಿಗೆ ಸರಿಸಿದರು, ಯಾವ ಕಡೆಯಿಂದ ಕೈ ಹಾಕಿದರೂ ಎಟುಕಬಾರದು. ಅದಾದ ಮೇಲೆ ಕಬ್ಬೆಕ್ಕು ಬಂದ ಗುರುತು ಮಡಲಿನ ಮೇಲೆ ಕಂಡದ್ದುಂಟು, ಕೋಳಿ ಹೋದದ್ದಿಲ್ಲ. ಗೂಡಿನ ವಿಷಯದಲ್ಲಿ ನಾವು ಗೆದ್ದೆವು ಎಂದು ನನಗೆ ಅನ್ನಿಸಿತು.

ಮೇವಿಗೂ ನಾವು ಏನನ್ನೂ ಕೊಳ್ಳಲಿಲ್ಲ. ಮೀನಿನ ತಲೆ, ಕರುಳು, ಸಿಗಡಿಯ ಸಿಪ್ಪೆ, ಒಣಮೀನಿನ ಡಬ್ಬದ ತಳದ ಪುಡಿ, ಇವೆಲ್ಲ ಇದ್ದೇ ಇತ್ತು. ಕೇರಿಯವರೂ ತಂದು ಹಾಕುತ್ತಿದ್ದರು. ಗೂಡಿನಿಂದ ಕೋಳಿ ಹೊರಗೆ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವರಿಗೂ ಅದೊಂದು ತಮಾಷೆ. ಕೋಳಿಗಳು ಮೈ ತುಂಬಿಕೊಂಡು ಮಿರಿಮಿರಿ ಮಿಂಚಿದವು. ಮಳೆ ಸ್ವಲ್ಪ ಹಿಂದೆ ಸರಿದಾಗ ಮೊಟ್ಟೆಯಿಡಲು ಶುರುಮಾಡಿದವು. ಮೊದಲ ಮೊಟ್ಟೆಯನ್ನು ಆಯಿ ನನಗೆ ಬೇಯಿಸಿ ಕೊಟ್ಟಳು, ಆಮೇಲಿನದೆಲ್ಲ ಮಾರುವುದಕ್ಕೆ. ಮೊದಲ ಗಿರಾಕಿ ನಮ್ಮ ಶಾಲೆಯ ಅಕ್ಕೋರು. ಅವರು ಘಟ್ಟದ ಮೇಲಿನವರು, ಶಿರಾಲಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು, ಮೀನು ತಿನ್ನುತ್ತಿರಲಿಲ್ಲ, ಮೊಟ್ಟೆ ತಿನ್ನುತ್ತಿದ್ದರು. ನಾನು ಶಾಲೆಗೆ ಹೋಗುವಾಗ ಅಕ್ಕಿಯ ನುಚ್ಚಿನಲ್ಲಿ ಹುದುಗಿಸಿ ಒಯ್ದು ಕೊಡುತ್ತಿದ್ದೆ. ಅವರು ಬೇರೆ ಮಾಸ್ತರರಿಗೂ ಹೇಳುತ್ತೇನೆ ಎಂದಿದ್ದರು. ಒಂದು ದಿನ ಶಾಲೆ ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿಕೊಂಡರು.

“ನಿಮ್ಮ ಕೋಳಿಗಳಿಗೆ ತಿನ್ನೋಕೆ ಏನು ಹಾಕ್ತೀರಿ?”

“ಮೀನಿನ ತಲೆ, ಅಕ್ಕೋರೇ. ಸಿಗಡಿ ಸಿಪ್ಪೆ.”

“ಅದಕ್ಕೇ ಇರಬೇಕು. ಮೊಟ್ಟೆ ಮೀನಿನ ವಾಸನೆ ಬರ್ತಿದೆ. ನನಗೆ ತಿನ್ನೋಕೆ ಆಗಲಿಲ್ಲ. ಅಮ್ಮನಿಗೆ ಬೇಜಾರಾಗದ ಹಾಗೆ ಹೇಳ್ತೀಯಾ?”

ಅವರು ನನ್ನ ತಲೆ ಸವರಿ, ಬಹಳ ಮೆತ್ತಗೆ ಹೇಳಿದರು. ಬೈದಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲ. ದಾರಿಯಲ್ಲಿ ನನ್ನ ಅಂಗಿಯ ತೋಳನ್ನು ಮೂಸಿದೆ, ಜಡೆ ಮೂಸಿದೆ, ಪಾಟಿಚೀಲ ಮೂಸಿದೆ. ಯಾವ ವಾಸನೆಯೂ ಇಲ್ಲ. ಹೆದರಿಕೆಯಾದದ್ದು ಅದರಿಂದಲೇ. ಹಾಗಾದರೆ ಇಷ್ಟು ದಿನ ತರಗತಿಯಲ್ಲಿ ಎಲ್ಲರಿಗೂ ಬರುತ್ತಿದ್ದದ್ದು ನನಗೊಬ್ಬಳಿಗೇ ಬರುತ್ತಿರಲಿಲ್ಲವೇ? ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದು ನಾನು ಅಳುತ್ತಲೇ ಮನೆ ಸೇರಿದೆ.

ಜಗಲಿಯಲ್ಲಿ ಮೊಟ್ಟೆಯ ಪರೀಕ್ಷೆ ನಡೆಯಿತು. ಅಪ್ಪ ಒಂದನ್ನು ಬಟ್ಟಲಿಗೆ ಒಡೆದು, ಮೂಗಿನ ಹತ್ತಿರ ಹಿಡಿದು, ಮೊಟ್ಟೆ ಮೊಟ್ಟೆಯ ಹಾಗೇ ಅದೆ ಎಂದ. ಪಕ್ಕದ ಮನೆಯವರು ಬಂದು ಮೂಸಿ ತಲೆಯಾಡಿಸಿದರು. ಅಜ್ಜಿ ಬಟ್ಟಲನ್ನು ಮುಟ್ಟಲೂ ಇಲ್ಲ.

“ನಮ್ಗೆ ಬಾರದ ವಾಸನೆ ಅವ್ರಿಗೆ ಎಲ್ಲಿಂದ ಬತ್ತದೆ? ಮೀನಿನವ್ರ ಮನೇದು ಅಂತ ಗೊತ್ತಲ್ಲ, ಅದ್ಕೇ ಬತ್ತದೆ.”

ಅಜ್ಜಿಯ ಮಾತು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಶಿರಾಲಿಯಲ್ಲಿ ಆಯಿ ಬುಟ್ಟಿ ಇಳಿಸಿದ ಜಗಲಿಗೆ ಅವಳು ಎದ್ದ ಕೂಡಲೇ ನೀರು ಹೊಯ್ಯುವವರನ್ನು ನಾನು ಕಂಡಿದ್ದೆ. ಆಯಿಯೂ ಅಕ್ಕೋರ ಮೇಲೆ ಹಾರಾಡಿದ್ದರೆ ನನಗೆ ಹಾಯೆನ್ನಿಸುತ್ತಿತ್ತು. ಅವಳು ಬಟ್ಟಲು ತೆಗೆದುಕೊಂಡು ಇನ್ನೊಮ್ಮೆ ಮೂಸಿದಳು, ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದಳು.

“ನಂಗೂ ಬತ್ತಿಲ್ಲ. ಆದ್ರೆ ಅಕ್ಕೋರು ಸುಳ್ಳು ಹೇಳೂ ಜನ ಅಲ್ಲ. ಹುಟ್ಟಿದಾಗಿಂದ ಇದ್ರಲ್ಲೇ ಇದ್ದವ್ರಿಗೆ ಎಂತ ಗೊತ್ತಾತದೆ? ಮಾರೂದು ಅವ್ರಿಗೆ. ಹಂಗಾರೆ ನೋಡ್ಬೇಕಾದ್ದೂ ಅವ್ರ ಮೂಗಿಂದ್ಲೇ.”

“ಹಂಗಾರೆ ಅವ್ರ ಮೂಗು ಕೊಯ್ದು ತಕಂಬಾ,” ಎಂದು ಅಜ್ಜಿ ಎದ್ದು ಹೋದಳು.

ಮಾರನೆಯ ದಿನದಿಂದ ಆಯಿ ಒಂದು ಹೇಂಟೆಯನ್ನು ಬೇರೆ ಮಾಡಿದಳು. ಗೂಡಿನ ಒಂದು ಮೂಲೆಗೆ ಹಲಗೆ ಅಡ್ಡ ಹಾಕಿ ಅದನ್ನು ಅಲ್ಲಿಟ್ಟು, ಮೀನಿನ ಒಂದು ಚೂರೂ ಹತ್ತಿರ ಸುಳಿಯದಂತೆ ನೋಡಿಕೊಂಡಳು. ಅದಕ್ಕೆ ಹಾಕಲು ಏನಿದೆ? ಬೇಯಿಸಿ ಕಿವುಚಿದ ಹಲಸಿನ ಬೀಜ, ಹಾಲು ಹಿಂಡಿ ಉಳಿದ ತೆಂಗಿನತುರಿ, ನುಚ್ಚು. ಗೆದ್ದಲು ಹಿಡಿಯುವುದು ನನ್ನ ಕೆಲಸ. ಮಡಕೆಗೆ ಸಗಣಿ, ಹುಲ್ಲು ತುಂಬಿ ಹಿತ್ತಲಲ್ಲಿ ಕವುಚಿಟ್ಟರೆ ಬೆಳಗಾಗುವಾಗ ಒಳಗೆ ಗೆದ್ದಲು ಮುತ್ತಿರುತ್ತಿತ್ತು, ಕೊಡವಿದರೆ ಕೋಳಿಗೆ ಹಬ್ಬದೂಟ. ಆ ಹೇಂಟೆಯ ಮೊಟ್ಟೆಗಳಿಗೆ ಆಯಿ ಮಸಿಯ ಬೊಟ್ಟಿಟ್ಟಳು. ಕೆಲವು ದಿನ ಕಾದು, ಬೊಟ್ಟಿನದೊಂದು ಬೊಟ್ಟಿಲ್ಲದ್ದೊಂದು ಮೊಟ್ಟೆ ಸೆರಗಿನಲ್ಲಿ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಅಕ್ಕೋರ ಮನೆಗೆ ಹೋದಳು. ಆಯಿ ಒಳಗೆ ಹೋಗಲಿಲ್ಲ, ಹೊಸ್ತಿಲ ಹೊರಗೆ ನಿಂತಳು. ಒಳಗೆ ಕರೆದು ಕುರ್ಚಿ ಕೊಟ್ಟವರು ಅಕ್ಕೋರೇ. ಬೊಟ್ಟನ್ನು ಒರೆಸಿ, ಎರಡನ್ನೂ ಬೇರೆ ಬೇರೆ ಬಟ್ಟಲಿಗೆ ನಾನೇ ಒಡೆದು ಕೊಟ್ಟೆ. ಅಕ್ಕೋರು ಒಂದನ್ನು ಮೂಸಿ ಮುಖ ಹಿಂದೆ ತೆಗೆದರು. ಇನ್ನೊಂದನ್ನು ಮೂಸಿ, ಮತ್ತೆ ಮೂಸಿ, ಇದರಲ್ಲಿಲ್ಲ ಎಂದರು. ಅವರು ತೋರಿಸಿದ್ದು ಬೊಟ್ಟಿನ ಮೊಟ್ಟೆ. ಆಯಿಗೆ ಆದ ಸಂತೋಷ ಅವಳ ಮುಖದಲ್ಲಿ ಹಿಡಿಯಲಿಲ್ಲ. ತಮ್ಮ ಮೊಟ್ಟೆ ನಾರುತ್ತದೆ ಎಂದು ಖಾತ್ರಿಯಾದದ್ದಕ್ಕೆ ಯಾರಾದರೂ ಹಾಗೆ ಸಂತೋಷಪಟ್ಟದ್ದನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಒಂದು ಕೋಳಿಗಾದರೆ ಹಲಸಿನ ಬೀಜ ಸಾಕು, ಎಲ್ಲಕ್ಕೂ ಬೇಕಾದರೆ ತೌಡು ಬೇಕು. ಅಕ್ಕೋರ ಮನೆಯಿಂದ ನೇರ ಆಯಿ ಅಕ್ಕಿ ಗಿರಣಿಗೆ ನಡೆದಳು. ಮೀನು ಮಾರುವವಳೆಂದು ಅಲ್ಲಿಯವರಿಗೆ ಗೊತ್ತು. ಇವತ್ತು ಮೀನು ಬೇಡ ಎಂದು ಗಿರಣಿಯವರು ಮೊದಲೇ ಕೈ ಆಡಿಸಿದರು.

“ಮೀನು ತರಲಿಲ್ಲ, ಒಡೇರೇ. ದಿನಾ ಬಂದು ನಿಮ್ಮ ಗಿರಣಿ ನೆಲ ಗುಡಿಸ್ತೆ. ಗುಡಿಸಿದ್ದು ನಂಗೆ ಕೊಟ್ರೆ ಆತು.”

ಗುಡಿಸಿದ್ದು ಎಂದರೆ ಕಾಲಡಿಯ ತೌಡು, ಒಡೆದ ಅಕ್ಕಿ, ಒಂದಿಷ್ಟು ಭತ್ತ, ಒಂದಿಷ್ಟು ಧೂಳು. ಅವರಿಗೆ ಅದು ಕಸ. ಆಯಿ ಅದನ್ನು ಮನೆಗೆ ತಂದು ಗೆರಸೆಯಲ್ಲಿ ಕೇರಿ, ಕೋಳಿಗೆ ಕಲಸಿ ಹಾಕಿದಳು. ಮೀನಿನ ತಲೆ ಹಾಕಲು ಬಂದ ಕೇರಿಯವರನ್ನು ಗೂಡಿನ ಮುಂದೆ ಅಡ್ಡ ನಿಂತು ತಿರುಗಿ ಕಳಿಸಿದಳು. ಅವಳಿಗೆ ಸೊಕ್ಕು ಬಂತು ಎಂದು ಅವರೆಲ್ಲ ಆಡಿಕೊಂಡರು. ಹಳೆಯ ಮೊಟ್ಟೆ ಮುಗಿಯುವವರೆಗೆ ನಾವೇ ತಿಂದೆವು. ನಮಗೇನು, ರುಚಿಯಾಗಿಯೇ ಇತ್ತು. ಹೊಸ ಮೊಟ್ಟೆಯನ್ನು ಅಕ್ಕೋರು ತಾವೂ ತೆಗೆದುಕೊಂಡು, ಬೇರೆ ಮಾಸ್ತರರಿಗೂ ಕೊಡಿಸಿದರು. ಶಿರಾಲಿಯಲ್ಲಿ ಹೈವೇ ಬದಿಯ ಒಂದು ಅಂಗಡಿಯವನು, ವಾರಕ್ಕೆರಡು ಸಲ ಬೆಳಗಿನ ಮೊದಲ ಬಸ್ಸಿಗೆ ತಂದುಕೊಟ್ಟರೆ ಇಟ್ಟುಕೊಳ್ಳುತ್ತೇನೆ, ತಡವಾದರೆ ಬೇಡ ಎಂದ.

ನೂಲು ಹುಣ್ಣಿಮೆ ಬಂತು. ಅಪ್ಪ ಹೊಸ ಪಂಚೆ ಉಟ್ಟು, ಕುಂಕುಮ ಹಚ್ಚಿದ ಕಾಯಿಯನ್ನು ಕೇರಿಯವರ ಜೊತೆ ನೀರಿಗೆ ಬಿಟ್ಟ. ಮಾರನೆಯ ದಿನ ದೋಣಿಗಳು ತುಂಬಿ ಬಂದವು. ಅದರ ಮರುದಿನ ಬೆಳಿಗ್ಗೆ ನಾನು ಎದ್ದು ಬಂದಾಗ ಅಂಗಳದಲ್ಲಿ ಬುಟ್ಟಿ ತುಂಬಿ ಇತ್ತು, ಅಜ್ಜಿ ಅದರ ಹತ್ತಿರ ನಿಂತಿದ್ದಳು. ಆಯಿ ಒಳಗಿನಿಂದ ಮೊಟ್ಟೆಯ ಚೀಲ ಹಿಡಿದುಕೊಂಡು ಬಂದಳು. ಅವತ್ತು ಅಂಗಡಿಯವನ ದಿನ. ಇಬ್ಬರೂ ಬುಟ್ಟಿಯ ಆಚೆ ಒಬ್ಬಳು ಈಚೆ ಒಬ್ಬಳು ನಿಂತರು. ಅಜ್ಜಿ ಮಾತು ಬದಲಿಸುವವಳಲ್ಲ ಎಂದು ನನಗೆ ಗೊತ್ತಿತ್ತು, ಆಯಿ ಈಗ ಬಗ್ಗುವವಳಲ್ಲ ಎಂದೂ ಗೊತ್ತಿತ್ತು. ಅಜ್ಜಿ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಂಡಳು.

“ಎಂತ ನೋಡ್ತೆ? ಬಲಗೈಯಿಂದ ಒಂಚೂರು ಆನಿಸು, ಸಾಕು. ಬಸ್ಸು ಹೋತದೆ.”

ಬುಟ್ಟಿಯ ಭಾರವನ್ನು ಆ ದಿನ ಎತ್ತಿದವನು ಅಪ್ಪ, ಆಯಿ ಕೈ ಮಾತ್ರ ಆನಿಸಿದಳು. ಅಜ್ಜಿ ಮುಂದೆ, ಆಯಿ ಹಿಂದೆ, ಅವಳ ಹಿಂದೆ ನಾನು. ಹೈವೇಗೆ ಬಂದು ನಿಂತಾಗ ಬಸ್ಸೂ ಬಂತು. ಅಜ್ಜಿ ಬುಟ್ಟಿ ಇಳಿಸಿ ಹಿಂದಿನ ಬಾಗಿಲ ಹತ್ತಿರ ಇಟ್ಟಳು. ಕಂಡಕ್ಟರ್ ಹೊಸಬ. ಆಯಿಯ ಚೀಲ ನೋಡಿ ಹತ್ತಿ ಎಂದ, ಬುಟ್ಟಿ ನೋಡಿ ಬಾಗಿಲಿಗೆ ಕೈ ಅಡ್ಡ ಹಿಡಿದ.

“ಇದು ಬೇಡ. ಹಿಂದೆ ಟೆಂಪೋ ಬರ್ತದೆ, ಅದ್ರಲ್ಲಿ ಬನ್ನಿ. ಜನ ಕೂತಿದಾರೆ, ವಾಸನೆ.”

ಅಜ್ಜಿಗೆ ಇದು ಹೊಸದಲ್ಲ. ಆಯ್ತೆಂದು ಅವಳು ಆಗಲೇ ಬುಟ್ಟಿಯ ಅಂಚಿಗೆ ಕೈ ಹಾಕಿ ಹಿಂದಕ್ಕೆ ಎಳೆಯುತ್ತಿದ್ದಳು. ಆಯಿಯ ಒಂದು ಕಾಲು ಮೆಟ್ಟಿಲ ಮೇಲಿತ್ತು. ಅಂಗಡಿಯವನು ತಡವಾದರೆ ಬೇಡ ಎಂದದ್ದು ನನಗೆ ನೆನಪಾಯಿತು, ಅವಳಿಗೂ ನೆನಪಿದ್ದಿರಲೇಬೇಕು. ಅವಳು ಕಾಲು ಕೆಳಗಿಟ್ಟಳು. ಮೊಟ್ಟೆಯ ಚೀಲವನ್ನು ನನ್ನ ಕೈಗೆ ಕೊಟ್ಟು, ಬಲಗೈಯಿಂದ ಬುಟ್ಟಿಯ ಅಂಚು ಹಿಡಿದು, ಮೊಣಕಾಲಿನಿಂದ ನೂಕಿ, ಅವನ ಕೈಯ ಕೆಳಗಿಂದಲೇ ಅದನ್ನು ಮೆಟ್ಟಿಲ ಮೇಲಕ್ಕೆ ಏರಿಸಿದಳು. ಆಮೇಲೆ ಅವನ ಮುಖವನ್ನೇ ನೋಡುತ್ತ, ಗಟ್ಟಿಯಾಗಿ ಒಮ್ಮೆ ಉಸಿರೆಳೆದುಕೊಂಡಳು.

“ವಾಸನೆಯಾ? ನಂಗೆ ಎಂತದೂ ಬತ್ತಿಲ್ಲ, ಮಾರಾಯ.”

ಹಿಂದೆ ಬಂದು ನಿಂತ ಲಾರಿ ಹಾರ್ನ್ ಹೊಡೆಯುತ್ತಿತ್ತು. ಕಂಡಕ್ಟರ್ ಆಯಿಯನ್ನು ನೋಡಿದ, ಬುಟ್ಟಿ ನೋಡಿದ, ಏನೋ ಗೊಣಗಿ ಸೀಟಿ ಊದಿದ. ಅಜ್ಜಿ ಎಂದಿನ ಹಾಗೆ ಹಿಂದಿನ ಕಂಬ ಹಿಡಿದು ನಿಂತಳು. ಆಯಿ ಅವಳ ರಟ್ಟೆ ಹಿಡಿದು ಸೀಟಿನಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಶಿರಾಲಿ ಬರುವವರೆಗೆ ಅಜ್ಜಿ ಅಲ್ಲಿ, ಸೀಟಿನ ತುದಿಯಲ್ಲಿ, ಎದುರಿನ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದಳು.